ಎಂಟು ಚಿತ್ರಗಳ ನಡಿಗೆ

ಒಬ್ಬ ಮನುಷ್ಯ ನಡೆಯುವುದನ್ನು ಕಂಪ್ಯೂಟರಿನಲ್ಲಿ ತೋರಿಸಲು ಎಂಟು ಚಿತ್ರ ಸಾಕು. ನಾಲ್ಕರಲ್ಲಿ ಒಂದು ಹೆಜ್ಜೆ, ಇನ್ನು ನಾಲ್ಕರಲ್ಲಿ ಮತ್ತೊಂದು. ಆಮೇಲೆ ಅದೇ ಎಂಟನ್ನು ತಿರುಗಿ ತಿರುಗಿ ಓಡಿಸಿದರೆ ಆತ ಎಷ್ಟು ದೂರ ಬೇಕಾದರೂ ನಡೆಯುತ್ತಾನೆ. ಇಷ್ಟನ್ನು ಕಲಿಯಲು ನನಗೆ ಹನ್ನೆರಡು ದಿನ ಹಿಡಿಯಿತು. ಆ ದಿನಗಳ ಲೆಕ್ಕ ನನ್ನ ಹಳೆಯ ದಿನಚರಿಯಲ್ಲಿದೆ. ಬಿಡಿಸಿದ ಚಿತ್ರ ಎಷ್ಟು, ಅಳಿಸಿದ್ದು ಎಷ್ಟು, ಕರೆಂಟು ಹೋದದ್ದು ಎಷ್ಟು ಸಲ, ಎಲ್ಲವೂ ಇದೆ. ಯಾರ ನಡಿಗೆಯನ್ನು ನೋಡಿ ಬಿಡಿಸಿದೆ ಎಂಬುದನ್ನು ಮಾತ್ರ ಬರೆದಿಲ್ಲ. ಆಗ ಮರೆತು ಬಿಟ್ಟದ್ದಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ನಾನು ಅಲ್ಲಿ ಕಲಿಸುವವಳಾಗಿ ಸೇರಿ ಏಳು ತಿಂಗಳಾಗಿತ್ತು. ಐದು ಯಂತ್ರಗಳಲ್ಲಿ ಬಣ್ಣದ ಪರದೆ ಇದ್ದದ್ದು ಒಂದಕ್ಕೆ ಮಾತ್ರ. ಅದರ ಮೇಲೆ ಯಾವಾಗಲೂ ಒಂದು ಟವೆಲ್ ಹೊದಿಸಿರುತ್ತಿತ್ತು. ಒಂದು ಸೋಮವಾರ ಕೇಂದ್ರದ ಮಾಲೀಕರು ಆ ಟವೆಲ್ ತೆಗೆದು ನನ್ನನ್ನು ಅದರ ಮುಂದೆ ಕೂರಿಸಿದರು.

"ನೋಡಮ್ಮ, ಚಪ್ಪಲಿ ಅಂಗಡಿಯವ್ರಿಗೆ ಕೇಬಲ್‌ನಲ್ಲಿ ಹಾಕೋಕೆ ಅಡ್ವಟೈಸ್‌ಮೆಂಟ್ ಬೇಕಂತೆ. ಬರೀ ಅಕ್ಷರ ಬೇಡ್ವಂತೆ, ಕಾರ್ಟೂನ್ ಥರ ಓಡಾಡ್ಬೇಕಂತೆ. ಮಾಡ್ತೀಯಾ?"

"ನಂಗೆ ಬರಲ್ಲ ಸಾರ್."

"ಬರಲ್ಲ ಅಂತ ನಂಗೂ ಗೊತ್ತು. ಕಲ್ತು ಮಾಡ್ತೀಯಾ ಅಂತ ಕೇಳಿದ್ದು."

ಕತೆಯನ್ನು ಅವರೇ ಒಂದು ರಸೀದಿಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಿದ್ದರು. ಚಪ್ಪಲಿ ಕಿತ್ತುಹೋದ ಒಬ್ಬ ಕುಂಟುತ್ತಾ ಬರುತ್ತಾನೆ. ಅಂಗಡಿಯೊಳಗೆ ಹೋಗುತ್ತಾನೆ. ಹೊಸ ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಡೆಯುತ್ತಾ ಹೊರಗೆ ಬರುತ್ತಾನೆ. ಕೊನೆಗೆ ಅಂಗಡಿಯ ಹೆಸರು. ಒಟ್ಟು ಇಪ್ಪತ್ತು ಸೆಕೆಂಡು. ಇದು ಚೆನ್ನಾಗಿ ಬಂದರೆ ಮುಂದಿನ ತಿಂಗಳಿಂದ ಚಲಿಸುವ ಚಿತ್ರಗಳದ್ದೇ ಒಂದು ತರಗತಿ ಶುರುಮಾಡುವುದು, ಅದನ್ನು ನಾನೊಬ್ಬಳೇ ನಡೆಸುವುದು ಎಂದು ಮಾತಾಯಿತು. ನನಗೆ ಆಗ ಇಪ್ಪತ್ತೆರಡು. ಆ ತರಗತಿ ಬೇಕೆಂದು ಎಷ್ಟು ಆಸೆಪಟ್ಟೆನೋ ಅಷ್ಟು ಇನ್ನಾವುದಕ್ಕೂ ಪಟ್ಟಿರಲಿಲ್ಲ.

ತಂತ್ರಾಂಶ ಬಹಳ ಸರಳವಾದದ್ದು. ಒಂದು ಖಾಲಿ ಹಾಳೆಯಂಥ ಪರದೆ. ಮೌಸ್ ಹಿಡಿದು ಅದರಲ್ಲಿ ಚಿತ್ರ ಬರೆಯಬೇಕು. ಒಂದು ಕೀಲಿ ಒತ್ತಿದರೆ ಮುಂದಿನ ಹಾಳೆ, ಇನ್ನೊಂದು ಒತ್ತಿದರೆ ಹಿಂದಿನದು. ಎಲ್ಲ ಬರೆದಾದ ಮೇಲೆ ಓಡಿಸಿದರೆ ನಮ್ಮ ಯಂತ್ರ ಸೆಕೆಂಡಿಗೆ ಹತ್ತು ಚಿತ್ರ ತೋರಿಸುತ್ತಿತ್ತು. ಜೊತೆಗೆ ಬಂದ ಪುಸ್ತಕದಲ್ಲಿ ಮೊದಲು ಚೆಂಡಿನಿಂದ ಶುರುಮಾಡಿ ಎಂದಿತ್ತು. ಮಾಡಿದೆ. ದಿನ ಒಂದು: ಬಿಡಿಸಿದ್ದು ಹದಿನಾಲ್ಕು, ಉಳಿಸಿದ್ದು ಸೊನ್ನೆ. ಚೆಂಡು ಪುಟಿಯಲಿಲ್ಲ, ಬಾವಿಗೆ ಬಿಟ್ಟ ಕೊಡದ ಹಾಗೆ ಒಂದೇ ಸಮನೆ ಇಳಿದು ಒಂದೇ ಸಮನೆ ಮೇಲೆ ಬಂತು. ಎಲ್ಲ ಚಿತ್ರಗಳಲ್ಲೂ ಸಮಾನ ಅಂತರ ಇಟ್ಟದ್ದೇ ತಪ್ಪು. ಮೇಲೆ ಹೋದಾಗ ಚೆಂಡು ಹತ್ತಿರ ಹತ್ತಿರ ಇರಬೇಕು, ನೆಲಕ್ಕೆ ಬರುವಾಗ ದೂರ ದೂರ. ಇದು ತಿಳಿಯಲು ಎರಡನೆಯ ದಿನದ ಸಂಜೆಯಾಯಿತು.

ಮೂರನೆಯ ದಿನ ಮನುಷ್ಯನಿಗೆ ಕೈಹಾಕಿದೆ. ಇಲ್ಲಿ ಇನ್ನೊಂದು ತೊಡಕು. ಹೊಸ ಚಿತ್ರ ಬರೆಯುವಾಗ ಹಿಂದಿನದು ಕಾಣುತ್ತಿರಲಿಲ್ಲ. ಕಾಲು ಎಲ್ಲಿತ್ತು, ತಲೆ ಎಲ್ಲಿತ್ತು ಎಂದು ನೆನಪಿನಿಂದ ಬರೆಯಬೇಕು. ಮನೆಯಿಂದ ಸೀರೆ ಪೆಟ್ಟಿಗೆಯ ಪಾರದರ್ಶಕ ಮುಚ್ಚಳ ಒಂದನ್ನು ತಂದೆ. ಅದನ್ನು ಪರದೆಗೆ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಪಾದ, ಮೊಣಕಾಲು, ಸೊಂಟ, ಭುಜಗಳ ಜಾಗಕ್ಕೆ ಚುಕ್ಕೆ ಇಟ್ಟುಕೊಂಡೆ. ಪರದೆಯ ಗಾಜು ಉಬ್ಬಿದ್ದರಿಂದ ತಲೆ ಸ್ವಲ್ಪ ಆಚೀಚೆಯಾದರೂ ಚುಕ್ಕೆಗಳು ಜಾರಿದಂತೆ ಕಾಣುತ್ತಿದ್ದವು. ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಪೇರಿಸಿ, ಗದ್ದವನ್ನು ಅದರ ಮೇಲೆ ಇಟ್ಟುಕೊಂಡು ಬರೆದೆ. ಪಾಠಕ್ಕೆ ಬಂದವರು ನನ್ನನ್ನು ನೋಡಿ ನಕ್ಕರು.

ನನ್ನ ಮನುಷ್ಯ ನಡೆದ, ಆದರೆ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿದಂತೆ. ನೆಲಕ್ಕೆ ಊರಿದ ಪಾದ ಅಲ್ಲೇ ಇರಬೇಕು, ಅದರ ಮೇಲಿನ ದೇಹ ಮಾತ್ರ ಮುಂದೆ ಹೋಗಬೇಕು ಎಂಬುದು ಹೊಳೆದದ್ದು ಐದನೆಯ ದಿನ. ಎರಡು ಹೆಜ್ಜೆಗೆ ಪರದೆಯ ಮೇಲೆ ಎಂಬತ್ತು ಪಿಕ್ಸೆಲ್ ಚುಕ್ಕೆ ದೂರ, ಎಂಟು ಚಿತ್ರ. ಅಂದರೆ ಚಿತ್ರವೊಂದಕ್ಕೆ ಹತ್ತು ಚುಕ್ಕೆ. ಲೆಕ್ಕ ಹಾಕಿ ಬರೆದ ಮೇಲೆ ಜಾರುವುದು ನಿಂತಿತು. ಆದರೆ ಪ್ರತಿ ಎರಡು ಹೆಜ್ಜೆಗೊಮ್ಮೆ ಆತ ಒಂದು ಕ್ಷಣ ತಡೆದು ನಿಲ್ಲುತ್ತಿದ್ದ, ಏನೋ ಮರೆತವನಂತೆ. ಅದಕ್ಕೆ ಕಾರಣ ಸಿಗಲಿಲ್ಲ. ಚಿತ್ರಗಳನ್ನು ಚೌಕುಳಿ ಕಾಗದದ ಮೇಲೆ ಬರೆದು ನೋಡೋಣವೆಂದು ಗ್ರಾಫ್ ಮೇಷ್ಟ್ರ ಮನೆಗೆ ಹೋದೆ.

ಗ್ರಾಫ್ ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಸೀರೆಯ ಅಂಚು, ಸೆರಗು, ಬುಟ್ಟಾಗಳನ್ನು ಗ್ರಾಫ್ ಹಾಳೆಯ ಮನೆಮನೆಗೂ ಬಣ್ಣ ತುಂಬಿ ಬರೆಯುವವರು. ಆ ಹಾಳೆ ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಕಾರ್ಡುಗಳನ್ನು ಹಾರದಂತೆ ಹೆಣೆದು ಮಗ್ಗದ ಮೇಲೆ ತೂಗುಹಾಕಿದರೆ, ಒಂದೊಂದು ಕಾರ್ಡು ಒಂದೊಂದು ಎಳೆಯನ್ನು ನೇಯಿಸುತ್ತದೆ. ನಮ್ಮ ಮನೆಯ ಮಗ್ಗಗಳಿಗೆ ನಾನು ಹುಟ್ಟುವ ಮೊದಲಿನಿಂದಲೂ ಅವರದ್ದೇ ನಕ್ಷೆ. ಚಿಕ್ಕಂದಿನ ಜ್ವರದಲ್ಲಿ ಅವರ ಎಡಗಾಲು ಸೊರಗಿತ್ತು. ಆದರೂ ಹಾಳೆಯನ್ನು ಯಾರ ಕೈಗೂ ಕೊಟ್ಟು ಕಳಿಸುತ್ತಿರಲಿಲ್ಲ. ತಾವೇ ಶೆಡ್ಡಿಗೆ ನಡೆದು ಹೋಗಿ, ಮಗ್ಗದ ಮುಂದೆ ಹಾಳೆ ಬಿಚ್ಚಿ, ಶೆಡ್ಡಿನ ಮಾಲೀಕರು ಹೇಳಿದ ತಿದ್ದುಪಡಿಯನ್ನು ಅಲ್ಲೇ ನಿಂತು ಮಾಡಿಕೊಡುತ್ತಿದ್ದರು. ಅವರಿಗೆ ಕೆಲಸ ಬರುತ್ತಿದ್ದದ್ದೇ ಹಾಗೆ.

"ಏನಮ್ಮ, ಕಂಪ್ಯೂಟರ್‌ನೋರು ಗ್ರಾಫ್ ಹಾಳೆ ಕೇಳ್ಕೊಂಡು ನಮ್ಮನೇಗ್ ಬಂದ್ಬಿಟ್ರಾ?" ಎಂದರು.

ಬಿಡಿ ಕಾಗದಗಳಲ್ಲಿ ನಕಲು ಮಾಡಿ ತಂದಿದ್ದ ನನ್ನ ಎಂಟು ಚಿತ್ರಗಳನ್ನು ತೋರಿಸಿದೆ. ಅವರು ಮುಖ, ಅಂಗಿ ಯಾವುದನ್ನೂ ನೋಡಲಿಲ್ಲ. ಮೊದಲನೆಯದನ್ನೂ ಕೊನೆಯದನ್ನೂ ಪಕ್ಕ ಪಕ್ಕ ಹಿಡಿದರು.

"ಇವೆರಡೂ ಒಂದೇ ಥರ ಐತಲ್ಲ."

"ತಿರುಗಿ ಮೊದಲಿಗೇ ಬರ್ಬೇಕಲ್ಲ ಮೇಷ್ಟ್ರೇ, ಅದಕ್ಕೆ."

"ಅದೇ ತಪ್ಪು. ಕೊನೇ ಕಾರ್ಡು ಮೊದ್ಲನೇದಕ್ಕೆ ಒಂದು ಮನೆ ಹಿಂದೆ ನಿಲ್ಬೇಕು ಕಣಮ್ಮ, ಮೊದ್ಲನೇದೇ ಆಗ್ಬಾರ್ದು. ಒಂದೇ ಕಾರ್ಡು ಎರಡು ಸಲ ಹೊಡುದ್ರೆ ಬುಟ್ಟಾದಲ್ಲಿ ದಪ್ಪ ಗೆರೆ ಬೀಳ್ತದೆ. ಒಂದರಲ್ಲಲ್ಲ, ಸೀರೆ ಪೂರ್ತಿ ಬೀಳ್ತದೆ."

ಮನೆಗೆ ಹೋಗುವ ಬದಲು ಕೇಂದ್ರಕ್ಕೇ ವಾಪಸು ಓಡಿದೆ. ಎಂಟನೆಯ ಚಿತ್ರವನ್ನು ಅಳಿಸಿ ಮತ್ತೆ ಬರೆದೆ. ಆತ ತಡೆಯದೆ ನಡೆದ. ದಿನ ಏಳು: ಬಿಡಿಸಿದ್ದು ಒಂದು, ಉಳಿಸಿದ್ದು ಒಂದು. ದಿನಚರಿಯಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ನೆಟ್ಟಗೆ ನಡೆಯುವವನು ಸಿಕ್ಕಿದ. ಕುಂಟುವವನು ಸಿಗಲಿಲ್ಲ. ಎಂಟನೆಯ ದಿನ ಇಪ್ಪತ್ತೆರಡು ಚಿತ್ರ ಬರೆದೆ. ನೋಡಿದರೆ ಕುಡಿದವನಂತೆ ತೂರಾಡುತ್ತಿದ್ದ. ಜೊತೆಗೆ ಮಧ್ಯಾಹ್ನ ಕರೆಂಟು ಹೋಗಿ, ಯುಪಿಎಸ್ ಕೂಗುತ್ತಿದ್ದರೂ ಇನ್ನೊಂದು ಗೆರೆ, ಇನ್ನೊಂದು ಗೆರೆ ಎಂದು ಕೂತದ್ದರಿಂದ ಒಂಬತ್ತು ಚಿತ್ರ ಉಳಿಸುವ ಮೊದಲೇ ಹೋದವು. ಒಂಬತ್ತನೆಯ ದಿನ ಬೆಳಿಗ್ಗೆ ಬೇಸರದಿಂದ ಕಿಟಕಿಯ ಬಳಿ ನಿಂತಿದ್ದೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಕೆಳಗಿನ ಬೀದಿಯಲ್ಲಿ ಗ್ರಾಫ್ ಮೇಷ್ಟ್ರು ಬಲದಿಂದ ಎಡಕ್ಕೆ ನಡೆದು ಹೋದರು.

ಅವರ ನಡಿಗೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಗಮನಿಸಿದ್ದು ಅವತ್ತೇ. ಎಡಗಾಲು ಊರುವ ಮೊದಲು ಎಡಗೈ ಮೊಣಕಾಲಿನ ಮೇಲೆ ಹೋಗಿ ಒತ್ತುತ್ತಿತ್ತು. ಭುಜ ಆ ಕಡೆ ಇಳಿಯುತ್ತಿತ್ತು. ಬಲಗಾಲು ಬೇಗ ಬೇಗ ಮುಂದೆ ಬರುತ್ತಿತ್ತು, ಎಡಗಾಲಿಗೆ ಹೆಚ್ಚು ಹೊತ್ತು ಭಾರ ಕೊಡಬಾರದೆಂಬಂತೆ. ಎಂಟು ಚಿತ್ರವನ್ನು ನಾಲ್ಕು ನಾಲ್ಕಾಗಿ ಹಂಚಿದ್ದೇ ನನ್ನ ತಪ್ಪು. ಒಂದು ಹೆಜ್ಜೆಗೆ ಐದು, ಇನ್ನೊಂದಕ್ಕೆ ಮೂರು ಕೊಡಬೇಕಿತ್ತು. ಹತ್ತನೆಯ ದಿನ, ಹನ್ನೊಂದನೆಯ ದಿನ ಅದೇ ಹೊತ್ತಿಗೆ ಕಿಟಕಿಯಲ್ಲಿ ಕಾದು ನಿಂತೆ. ಕಿಟಕಿಯ ಬಟ್ಟೆ ಪರದೆಯ ಮರೆಯಲ್ಲಿ ನಿಂತೆ ಎಂಬುದನ್ನೂ ಹೇಳಬೇಕು. ಅವರು ತಲೆಯೆತ್ತಿ ನೋಡಿದರೆ ಕಾಣಬಾರದೆಂದು.

ಚಿತ್ರದಲ್ಲಿ ಅಂಗಡಿಯನ್ನು ಬಲಗಡೆಗೆ ಬರೆದಾಗಿತ್ತು. ಹಾಗಾಗಿ ಎಂಟೂ ಚಿತ್ರಗಳನ್ನು ಒಂದೇ ಆಜ್ಞೆಯಲ್ಲಿ ಕನ್ನಡಿಯಂತೆ ಮಗುಚಿ, ಎಡದಿಂದ ಬಲಕ್ಕೆ ನಡೆಯುವಂತೆ ಮಾಡಿದೆ. ಮೇಷ್ಟ್ರದು ಬಿಳಿ ಅಂಗಿ, ಬೋಳು ಮುಖ. ನಾನು ಕೆಂಪು ಅಂಗಿ ತೊಡಿಸಿ ದಪ್ಪ ಮೀಸೆ ಇಟ್ಟೆ. ಮುಖ ಬೇರೆ, ಅಂಗಿ ಬೇರೆ, ಹಾಗಾಗಿ ಇದು ಅವರಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳಬೇಕಾಗಿ ಬಂತಲ್ಲ, ಅಲ್ಲೇ ನನಗೆ ಗೊತ್ತಿತ್ತು. ಆದರೆ ಓಡಿಸಿ ನೋಡಿದಾಗ ಆತನಿಗೆ ಜೀವ ಬಂದಿತ್ತು. ಗದ್ದವನ್ನು ಪುಸ್ತಕದ ಮೇಲೆ ಇಟ್ಟುಕೊಂಡು ನಾನು ಅದನ್ನು ಎಷ್ಟು ಸಲ ನೋಡಿದೆನೋ, ಅದೊಂದನ್ನು ಎಣಿಸಿಲ್ಲ.

ಮಾಲೀಕರು ನೋಡಿ ಬಿದ್ದು ಬಿದ್ದು ನಕ್ಕರು. ಮದುವೆಗಳ ವಿಡಿಯೋ ತೆಗೆಯುವವರೊಬ್ಬರನ್ನು ಕರೆಸಿದರು. ಕಂಪ್ಯೂಟರಿನಿಂದ ಟೇಪಿಗೆ ನೇರವಾಗಿ ಇಳಿಸುವ ಸಲಕರಣೆ ನಮ್ಮಲ್ಲಿರಲಿಲ್ಲ. ಕಿಟಕಿಗಳಿಗೆ ಕಂಬಳಿ ಹೊದಿಸಿ, ಪರದೆಯ ಎದುರಿಗೇ ಕ್ಯಾಮೆರಾ ಇಟ್ಟು ತೆಗೆಯಬೇಕು. ಮೊದಲ ಆರು ಸಲ ಚಿತ್ರದ ಮೇಲೆ ಕಪ್ಪು ಪಟ್ಟಿಯೊಂದು ಕೆಳಗಿನಿಂದ ಮೇಲಕ್ಕೆ ಉರುಳುತ್ತಿತ್ತು. ಅವರು ಕ್ಯಾಮೆರಾದ ಏನೇನೋ ಗುಂಡಿ ತಿರುಗಿಸಿ ಏಳನೆಯ ಸಲಕ್ಕೆ ಅದನ್ನು ತೆಳ್ಳಗೆ ಮಾಡಿದರು.

"ಮದ್ವೆ ಹೆಣ್ಣನ್ನೂ ಇಷ್ಟು ಸಲ ನಡೆಸಿಲ್ಲ ಮೇಡಂ ನಾನು," ಎಂದು ಬೆವರು ಒರೆಸಿಕೊಂಡರು. ಆಮೇಲೆ ಟೇಪು ತಿರುಗಿಸಿ ನೋಡುತ್ತಾ, "ಈಯಪ್ಪನ್ನ ಎಲ್ಲೋ ನೋಡಿದೀನಲ್ಲ," ಎಂದರು.

"ಕಾರ್ಟೂನಲ್ವಾ, ಎಲ್ಲರ ಥರಾನೂ ಇರುತ್ತೆ," ಎಂದೆ.

ಶುಕ್ರವಾರ ಸಂಜೆಯ ಸಿನಿಮಾಕ್ಕೆ ಮುಂಚೆ ಅದು ಬಂತು. ನಮ್ಮ ಮನೆಯಲ್ಲಿ ಮಗ್ಗ ನಿಲ್ಲಿಸಿ ಎಲ್ಲರೂ ಟಿವಿಯ ಮುಂದೆ ಕೂತಿದ್ದರು. ಅಪ್ಪ ಜೋರಾಗಿ ನಕ್ಕರು. ಅಮ್ಮ ನಗಲಿಲ್ಲ.

"ಇದು ನಮ್ಮ ಮೇಷ್ಟ್ರು ನಡ್ದಂಗೆ ಐತಲ್ಲೇ," ಎಂದರು.

"ಇಲ್ಲಮ್ಮ. ಚಪ್ಪಲಿ ಕಿತ್ತೋಗಿರೋನು ಅವ್ನು."

"ಚಪ್ಪಲಿ ಕಿತ್ತೋದ್ರೆ ಮಂಡಿ ಮೇಲ್ ಯಾಕ್ ಕೈ ಇಟ್ಕೋತಾನೆ?"

"ಹಂಗೇ ಇಟ್ಕೋತಾರಮ್ಮ."

ಅಪ್ಪನ ನಗು ನಿಂತಿತು. ಅವರು ನನ್ನ ಕಡೆ ಒಮ್ಮೆ ನೋಡಿ, ಎದ್ದು ಮಗ್ಗದ ಹತ್ತಿರ ಹೋದರು.

ದಿನಕ್ಕೆ ಮೂರು ಸಲ ಅದು ಬರುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಕೇಂದ್ರದ ಮೆಟ್ಟಿಲು ಹತ್ತುವಾಗ ಎದುರಿನ ಟೀ ಅಂಗಡಿಯ ಮುಂದೆ ನಾಲ್ಕೈದು ಮಂದಿ ಮಗ್ಗದ ಕೆಲಸಗಾರರು ನಿಂತಿದ್ದರು. ಮೇಷ್ಟ್ರು ಆ ಕಡೆಯಿಂದ ಬಂದರು.

"ಕೇಬಲ್ ಮೇಷ್ಟ್ರು ಬಂದ್ರು ಕಣ್ರೋ," ಎಂದ ಒಬ್ಬ.

"ಹೊಸ ಚಪ್ಪಲಿ ತಗೊಳಿ ಮೇಷ್ಟ್ರೇ, ನೆಟ್ಟಗಾಗ್ಬಿಡ್ತೀರ," ಎಂದ ಇನ್ನೊಬ್ಬ.

ಮೇಷ್ಟ್ರೂ ಅವರೊಡನೆ ನಕ್ಕರು. "ಮೊದ್ಲು ಟೀ ಕುಡ್ಸು, ಆಮೇಲ್ ಚಪ್ಪಲಿ ಕೊಡ್ಸು," ಎಂದರು. ಆ ನಗು ನೋಡಿ ನನಗೆ ಎಷ್ಟು ಹಗುರವಾಯಿತೆಂದರೆ, ಸಂಜೆ ದಿನಚರಿಯಲ್ಲಿ 'ಮೇಷ್ಟ್ರು ತಮಾಷೆಯಾಗಿ ತೆಗೆದುಕೊಂಡರು' ಎಂದು ಬರೆದೆ. ಮರುದಿನ ಅವರು ಟೀ ಅಂಗಡಿ ಬರುವ ಮೊದಲೇ ರಸ್ತೆ ದಾಟಿದರು. ಅದರ ಮರುದಿನ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬೀದಿಯಲ್ಲಿ ಅವರಿರಲಿಲ್ಲ. ಹತ್ತೂವರೆಗೂ ಇರಲಿಲ್ಲ. ಆಮೇಲೆ ಏಳು ದಿನ ನಾನು ಕಿಟಕಿಯಲ್ಲಿ ನಿಂತು ಕಾದೆ. ಏಳು ದಿನವೂ ಬರಲಿಲ್ಲ.

ಎಂಟನೆಯ ದಿನ ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಹೇಳಿದರು, "ಮೇಷ್ಟ್ರು ಹೊಸ ಅಂಚು ತಂದ್ಕೊಟ್ಟಿಲ್ಲ. ಇಷ್ಟು ವರ್ಷದಲ್ಲಿ ಹಿಂಗಾಗಿರ್ಲಿಲ್ಲ. ಪಕ್ಕದ ಶೆಡ್‌ನೋರು ಕಾದು ಕಾದು ಬೇರೆಯವ್ರಿಗೆ ಕೊಟ್ಬಿಟ್ರಂತೆ." ನನ್ನ ಹೆಸರು ಎತ್ತಲಿಲ್ಲ. ಅನ್ನ ಕಲಸುತ್ತಾ ತಟ್ಟೆ ನೋಡುತ್ತಿದ್ದರು.

ಮೇಷ್ಟ್ರು ನಡೆದರೆ ಕೆಲಸ, ನಡೆಯದಿದ್ದರೆ ಇಲ್ಲ. ನಾನು ಎಂಟು ಚಿತ್ರದಲ್ಲಿ ನಿಲ್ಲಿಸಿದ್ದು ಅದನ್ನು. ಮರುದಿನ ಬೆಳಿಗ್ಗೆ ಮಾಲೀಕರು ಬರುವ ಮೊದಲೇ ಹೋಗಿ ಅವರ ಕುರ್ಚಿಯ ಎದುರು ಕೂತೆ.

"ಸಾರ್, ಆ ನಡಿಗೆ ಬದಲಾಯಿಸ್ಬೇಕು."

"ಯಾಕಮ್ಮ? ಊರೆಲ್ಲಾ ಅದೇ ಮಾತು. ಹೊಸ ಬ್ಯಾಚ್‌ಗೆ ಹತ್ತೊಂಬತ್ತು ಜನ ಸೇರವ್ರೆ."

"ಅದು ಗ್ರಾಫ್ ಮೇಷ್ಟ್ರ ನಡಿಗೆ ಸಾರ್. ಕಿಟಕೀಲಿ ನೋಡಿ ಬಿಡಿಸ್ದೆ."

"ಗೊತ್ತು."

ಅವರು ಬೀರುವಿನ ಬೀಗ ತೆಗೆಯುತ್ತಾ, "ಯಾರಿಗೆ ಗೊತ್ತಿಲ್ಲ ಹೇಳು? ಅವರೇನಾದ್ರೂ ಬಂದು ಕೇಳಿದ್ರಾ? ಇಲ್ವಲ್ಲ," ಎಂದರು.

"ಅದು ಬದಲಾಗೋ ತನಕ ನಾನು ಆ ಬ್ಯಾಚ್ ತಗೊಳ್ಳಲ್ಲ ಸಾರ್."

"ಹೆದರಿಸ್ತಿದೀಯಾ?"

"ಇಲ್ಲ ಸಾರ್. ಹೆಂಗೆ ಮಾಡಿದ್ರಿ ಅಂತ ಬ್ಯಾಚ್‌ನೋರು ಕೇಳ್ತಾರೆ. ನಂಗೆ ಹೇಳಕ್ಕೆ ಬಾಯಿ ಬರಲ್ಲ."

ಆ ತರಗತಿಗಾಗಿಯೇ ಇಷ್ಟೆಲ್ಲ ಮಾಡಿದ್ದೆ. ಅದನ್ನೇ ಪಣಕ್ಕಿಟ್ಟಿದ್ದೇನೆ ಎಂಬುದು ಹೇಳಿದ ಮೇಲೆ ಹೊಳೆಯಿತು. ಅವರು ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು, "ಮೂರು ದಿನ ಕೊಡ್ತೀನಿ. ಕ್ಲಾಸ್ ಟೈಮಲ್ಲಲ್ಲ," ಎಂದರು.

ಕುಂಟುವುದನ್ನೇ ತೆಗೆದುಹಾಕಿದೆ. ಹೊಸ ಕತೆಯಲ್ಲಿ ಚಪ್ಪಲಿಯ ಬಾರು ಕಿತ್ತು ಹೋಗುತ್ತದೆ, ಆತ ಎರಡನ್ನೂ ಕೈಯಲ್ಲಿ ಹಿಡಿದು ಕಾದ ರಸ್ತೆಯಲ್ಲಿ ಬರಿಗಾಲಲ್ಲಿ ತುದಿಗಾಲು ಹಾಕುತ್ತಾ ಓಡುತ್ತಾನೆ. ಈ ಸಲ ಯಾರನ್ನೂ ನೋಡಲಿಲ್ಲ. ಮಧ್ಯಾಹ್ನ ಮಹಡಿಯ ತಾರಸಿಗೆ ಹೋಗಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನಾನೇ ಬರಿಗಾಲಲ್ಲಿ ಓಡಿದೆ. ಎಲ್ಲಿ ಪಾದ ಬಿತ್ತು, ಎಲ್ಲಿ ಕೈ ಮೇಲೆದ್ದಿತು ಎಂದು ಪ್ರತಿ ಸಲ ನಿಂತು ಬರೆದುಕೊಂಡೆ. ಅಂಗಾಲಿನಲ್ಲಿ ಎರಡು ಬೊಬ್ಬೆ ಎದ್ದವು. ಅವು ಎದ್ದದ್ದು ನನಗೆ ಸಮಾಧಾನ ಕೊಟ್ಟಿತು, ಏನೋ ಸಲ್ಲಿಸಿದೆ ಎಂಬಂತೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ನನ್ನ ಬೊಬ್ಬೆಯಿಂದ ಮೇಷ್ಟ್ರಿಗೆ ಏನಾಗಬೇಕಿತ್ತು?

ಮೂರು ದಿನ, ಬಿಡಿಸಿದ್ದು ಅರವತ್ತೊಂದು, ಉಳಿಸಿದ್ದು ಇಪ್ಪತ್ತನಾಲ್ಕು. ಟೇಪು ಬದಲಾಯಿತು. ಚಪ್ಪಲಿ ಅಂಗಡಿಯವರು ಮೊದಲಿನದೇ ಚೆನ್ನಾಗಿತ್ತು ಎಂದರಂತೆ. ಹೊಸ ಬ್ಯಾಚ್ ಶುರುವಾಯಿತು. ಮೊದಲನೆಯ ದಿನವೇ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ಮೇಡಂ, ಆ ಕುಂಟನ್ನ ಹೆಂಗ್ ಮಾಡಿದ್ರಿ, ಅದು ಹೇಳ್ಕೊಡಿ," ಎಂದಳು. ತರಗತಿ ನಕ್ಕಿತು. ನಾನು ಚೆಂಡಿನ ಪಾಠ ತೆಗೆದೆ.

ಮೇಷ್ಟ್ರ ಬಳಿ ಹೋಗಿ ಹೇಳುವುದೊಂದು ಉಳಿದಿತ್ತು. ದಿನಚರಿಯಲ್ಲಿ 'ನಾಳೆ ಹೋಗಬೇಕು' ಎಂದು ಒಂಬತ್ತು ದಿನ ಬರೆದಿದ್ದೇನೆ. ಹತ್ತನೆಯ ದಿನ ಹೋದೆ.

ಅವರು ಗೋಡೆಗೆ ಒರಗಿ, ಕಾಲು ಚಾಚಿ, ತೊಡೆಯ ಮೇಲಿನ ಹಲಗೆಯಲ್ಲಿ ಹಾಳೆ ಇಟ್ಟು ಬಣ್ಣ ತುಂಬುತ್ತಿದ್ದರು.

"ಬಾಮ್ಮ. ಹಾಳೆ ಬೇಕಾಗಿತ್ತಾ?"

"ಇಲ್ಲ ಮೇಷ್ಟ್ರೇ. ಆ ಚಪ್ಪಲಿ ಅಂಗಡಿ ಅಡ್ವಟೈಸ್‌ಮೆಂಟು..."

"ನೀನೇ ಬರ್ದಿದ್ದು. ನಿಮ್ಮಪ್ಪ ಬಂದು ಹೇಳ್ದ. ನನ್ನ ಮಗಳು ತಪ್ಪು ಮಾಡ್ಬಿಟ್ಲು ಅಂತ ಕೈ ಹಿಡ್ಕೊಂಡ."

"ಯಾವಾಗ?"

"ಅದು ಬಂದ ಮಾರ್ನೇ ದಿನಾನೇ."

ಅಷ್ಟು ದಿನ ಅಪ್ಪ ನನ್ನೆದುರು ಕೂತು ಊಟ ಮಾಡಿದ್ದರು. ನಾನು ಹೇಳುತ್ತೇನೇನೋ ಎಂದು ಕಾದಿದ್ದರೇನೋ.

"ಚೆನ್ನಾಗಿ ಕೂಡ್ಕೊಂಡಿತ್ತು ಎಂಟೂನೂ," ಎಂದರು ಮೇಷ್ಟ್ರು, ಬಣ್ಣ ತುಂಬುವುದನ್ನು ನಿಲ್ಲಿಸದೆ. "ಎಲ್ಲೂ ಗೆರೆ ಬಿದ್ದಿರ್ಲಿಲ್ಲ. ಕಾಲು ಮಾತ್ರ ತಪ್ಪು."

"ಕಾಲಾ?"

"ನಂದು ಎಡಗಾಲು. ನೀನು ಬಲಗಾಲು ಮಾಡಿದೀಯ. ಮಗುಚಿ ಹಾಕಿದ್ಯಾ?"

ಸೀರೆಯ ಎರಡನೆಯ ಅಂಚಿಗೆಂದು ದಿನವೂ ನಕ್ಷೆ ಮಗುಚುವವರಿಗೆ ಅದು ಕಾಣದೆ ಇರುವುದು ಹೇಗೆ? ಹೌದು ಎಂದು ತಲೆಯಾಡಿಸಿದೆ.

"ಟೀ ಅಂಗಡಿ ಹತ್ರ ಹುಡುಗ್ರು ನನ್ನ ಹಿಂದೆ ನಡೀತಿದ್ರಲ್ಲ, ಅವ್ರೂ ಬಲಗಾಲೇ ಎಳೀತಿದ್ರು. ನಾನು ಅವ್ರ ಮುಂದೇನೇ ನಡೀತಿದ್ದೆ. ಆದ್ರೂ ಟಿವೀಲಿ ನೋಡಿದ್ದನ್ನೇ ಮಾಡ್ತಿದ್ರು."

"ತಪ್ಪಾಯ್ತು ಮೇಷ್ಟ್ರೇ. ಈಗ ತೆಗೆಸಿದೀನಿ."

"ತೆಗೆಸ್ದೆ ಅಂತ ಕೇಳ್ದೆ." ಅವರು ಕುಂಚವನ್ನು ನೀರಿನಲ್ಲಿ ಅದ್ದಿ ಅಲ್ಲಾಡಿಸಿದರು. "ನೀನು ಮೊದ್ಲೇ ಬಂದು ಕೇಳಿದ್ದಿದ್ರೆ ನಾನೇ ನಡ್ದು ತೋರಿಸ್ತಿದ್ನೋ ಏನೋ. ಇಲ್ಲಾ ಬೈದು ಆಚೆ ಕಳಿಸ್ತಿದ್ನೋ. ಎರಡ್ರಲ್ಲಿ ಯಾವ್ದು ಅಂತ ನಾನು ಹೇಳ್ಬೇಕಾಗಿತ್ತು. ನೀನು ಕೇಳ್ಲೇ ಇಲ್ಲ."

ನನ್ನಿಂದ ಏನಾದರೂ ಆಗಬೇಕಿತ್ತೇ ಎಂದು ಕೇಳಿದೆ. ಪಕ್ಕದಲ್ಲಿದ್ದ ಸುರುಳಿಯೊಂದನ್ನು ತೋರಿಸಿದರು.

"ಅದನ್ನ ರೈಲ್ವೆ ಸ್ಟೇಷನ್ ಕಡೆ ಹೊಸ ಶೆಡ್ ಆಗಿದ್ಯಲ್ಲ, ಅಲ್ಲಿಗೆ ತಲುಪಿಸ್ತೀಯಾ? ಹಬ್ಬದ ಕೆಲಸ. ಇವತ್ತು ಸಿಗ್ದಿದ್ರೆ ಬೇರೆ ಕಡೆ ಮಾಡಿಸ್ಕೋತಾರೆ."

ಅವರು ಹಾಳೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಳಿಸುವುದನ್ನು ನಾನು ನೋಡಿದ್ದು ಅದೇ ಮೊದಲು.

"ಗ್ರಾಫ್ ಮೇಷ್ಟ್ರು ಕೊಟ್ರು ಅಂತ ಹೇಳ್ತೀನಿ," ಎಂದೆ.

"ಹಂಗಂದ್ರೆ ಅವ್ರಿಗೆ ಗೊತ್ತಾಗಲ್ಲ. ಹೊಸಬ್ರು, ಮೊನ್ನೆ ಮೊನ್ನೆ ಬಂದೋರು. ಕೇಬಲ್ ಮೇಷ್ಟ್ರು ಅನ್ನು."

ಅವರು ತಲೆಯೆತ್ತಲಿಲ್ಲ. ನಾನು ಸುರುಳಿ ಎತ್ತಿಕೊಂಡು ಹೊರಟೆ.

ಶೆಡ್ಡಿನಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ಓಡುತ್ತಿದ್ದವು. ಬಾಗಿಲಿಗೆ ಬಂದ ಮೇಲ್ವಿಚಾರಕರು ಕಿವಿಗೆ ಕೈ ಅಡ್ಡ ಹಿಡಿದು ಬಾಗಿದರು.

"ಗ್ರಾಫ್ ಮೇಷ್ಟ್ರು ಕಳ್ಸಿದ್ದು," ಎಂದೆ.

"ಯಾರು?"

"ಗ್ರಾಫ್ ಮೇಷ್ಟ್ರು. ಡಿಸೈನ್ ಬರೀತಾರಲ್ಲ, ಅವ್ರು."

ಅವರು ತಲೆ ಅಡ್ಡಡ್ಡ ಆಡಿಸಿದರು. ಸುರುಳಿಯನ್ನು ಮುಟ್ಟಲೂ ಇಲ್ಲ. "ನಮ್ಮದಲ್ಲ ಕಣಮ್ಮ, ಪಕ್ಕದ್ ಶೆಡ್‌ನಲ್ಲಿ ಕೇಳು," ಎಂದು ಒಳಗೆ ತಿರುಗಿದರು. ನಾನು ಮೆಟ್ಟಿಲ ಮೇಲೆ ನಿಂತೆ. ಮೇಷ್ಟ್ರ ಪೂರ್ತಿ ಹೆಸರನ್ನು ಕೂಗಿ ನೋಡಿದೆ. ಅವರು ತಿರುಗಲಿಲ್ಲ.

ಆಮೇಲೆ ಅವರ ಬೆನ್ನಿಗೆ, "ಕೇಬಲ್ ಮೇಷ್ಟ್ರು," ಎಂದೆ. ಮಗ್ಗಗಳ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ, ಗಂಟಲು ಬಿರಿಯುವ ಹಾಗೆ, ಜೋರಾಗಿ ಹೇಳಬೇಕಾಯಿತು.

ಅವರ ಮುಖ ಅರಳಿತು. ಹಿಂದಕ್ಕೆ ಬಂದು, ಎರಡೂ ಕೈ ಚಾಚಿ ಸುರುಳಿ ಇಸಿದುಕೊಂಡರು.